ಕೊಬ್ಬರಿ ದುಡ್ಡಿನ ಸ್ಟೀರಿಯೋ: ನಮ್ಮ ಕಡೆಯ ಒಂದು ಸಣ್ಣ ಇತಿಹಾಸ

1/7
ನಿಮ್ಮನೇಲಿ ಹಳೇ ಸ್ಟೀರಿಯೋ ಇದ್ಯಾ? ಇದ್ರೆ ಒಂದ್ಸಲ ಹಿಂದಕ್ಕೆ ತಿರುಗಿಸಿ, ಧೂಳು ಒರೆಸಿ, ಅಲ್ಲಿರೋ ಸಣ್ಣ ಅಕ್ಷರ ಓದಿ. ಮುಂದಿನ ಸ್ಟಿಕ್ಕರ್ ಮೇಲೆ 1000 ವ್ಯಾಟ್ ಅಂತ ದಪ್ಪಗೆ ಬರೆದಿದ್ರೂ, ಹಿಂದೆ ಕರೆಂಟಿನ ಲೆಕ್ಕದಲ್ಲಿ ಬರೀ 40 ವ್ಯಾಟ್ ಅಂತ ಇರಬಹುದು. ಪೆಟ್ಟಿಗೆ ಒಂದೇ, ಲೆಕ್ಕ ಎರಡು. ಬಿಕಾಂ ಓದೋರಿಗೆ ಇಷ್ಟು ಸಾಕು ಅನುಮಾನ ಬರೋಕೆ! ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಮನೆಗಳಿಗೆ ಈ ಪೆಟ್ಟಿಗೆ ಹೇಗೆ ಬಂತು, ಕಡಿಮೆ ದುಡ್ಡಲ್ಲಿ ಒಳ್ಳೇದನ್ನ ಹೇಗೆ ಗುರುತಿಸೋದು, ಗುಜರಿಗೆ ಹಾಕೋ ಮುಂಚೆ ಏನು ನೋಡ್ಬೇಕು, ಈ ಸರಣಿ ಅದರ ಬಗ್ಗೆ.

2/7
ಮೊದಲು ನಮ್ಮ ಕಡೆ ಹಾಡು ಅಂದ್ರೆ ಕಂಪನಿ ನಾಟಕ. ಪಕ್ಕದ ಗುಬ್ಬಿಯ ಕಂಪನಿ ಶುರುವಾಗಿದ್ದು 1884ರಲ್ಲಿ. ಆಮೇಲೆ ರೇಡಿಯೋ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಶುರು ಮಾಡಿದ್ರು. ಬೆಂಗಳೂರು ಕೇಂದ್ರ ಬಂದಿದ್ದು 1955ರಲ್ಲಿ. ರೇಡಿಯೋ ಇಟ್ಕೊಳ್ಳೋಕೂ ಆಗ ಲೈಸೆನ್ಸ್ ಬೇಕಿತ್ತು. ಪೋಸ್ಟ್ ಆಫೀಸಿಗೆ ಹೋಗಿ ವರ್ಷಾ ವರ್ಷಾ ದುಡ್ಡು ಕಟ್ಟಬೇಕಿತ್ತು, 1980ರ ದಶಕದ ಮಧ್ಯದವರೆಗೂ!
ಸ್ಟೀರಿಯೋ ಅನ್ನೋ ಐಡಿಯಾ ಮಾತ್ರ ಹಳೇದು. ಇಂಗ್ಲೆಂಡಿನ ಅಲನ್ ಬ್ಲಮ್ಲೀನ್ 1931ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ರು. ಎರಡು ಕಿವಿ ಇದೆ, ಎರಡಕ್ಕೂ ಬೇರೆ ಬೇರೆ ಸದ್ದು ಕೊಟ್ರೆ ಹಾಡುವವರು ಎಲ್ಲಿ ನಿಂತಿದ್ದಾರೆ ಅಂತಾನೂ ಗೊತ್ತಾಗುತ್ತೆ ಅನ್ನೋದೇ ಅದರ ತಿರುಳು.

3/7
ನಮ್ಮ ಮನೆಗಳ ಬಾಗಿಲು ತೆಗೆದದ್ದು ಕ್ಯಾಸೆಟ್. ಫಿಲಿಪ್ಸ್ ಕಂಪನಿ ಅದನ್ನ 1963ರಲ್ಲಿ ತೋರಿಸಿತು. ಕನ್ನಡದಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ 1978ರಲ್ಲಿ ಬಂತು. 1987ರಲ್ಲಿ ಹಂಸಲೇಖ ಸಂಗೀತದ 'ಪ್ರೇಮಲೋಕ' ಬಂದ ಮೇಲಂತೂ ಕೇಳೋದೇ ಬೇಡ, ಬೇಕರಿ, ಬಸ್ಸು, ಮದುವೆ ಮನೆ, ಎಲ್ಲಾ ಕಡೆ ಅದೇ.
ಆಗಿನ ಹೀರೋ ಟೂ-ಇನ್-ಒನ್. ರೇಡಿಯೋನೂ ಹೌದು, ಟೇಪೂ ಹೌದು. ಕರೆಂಟ್ ಇಲ್ಲದಿದ್ರೆ ಸೆಲ್ಲು. ಸೆಲ್ ವೀಕ್ ಆದ್ರೆ ಬಿಸಿಲಿಗಿಟ್ಟು ಇನ್ನೆರಡು ದಿನ ಓಡಿಸ್ತಿದ್ರು. ನಿಮ್ಮಪ್ಪನ್ನ ಕೇಳಿ, ನಗ್ತಾರೆ.

4/7
ಸ್ಟೀರಿಯೋ ದುಡ್ಡು ಎಲ್ಲಿಂದ ಬರ್ತಿತ್ತು? ನಮ್ಮ ಕಡೆ ಉತ್ತರ ಒಂದೇ: ಕೊಬ್ಬರಿ. ಕಾಯಿ ಅಟ್ಟಕ್ಕೆ ಹಾಕಿ, ಹತ್ತಿರ ಹತ್ತಿರ ಒಂದು ವರ್ಷ ಕಾದು, ಸುಲಿದು, ತಿಪಟೂರು ಮಾರ್ಕೆಟ್ಟಿಗೆ ಹಾಕಿದ ಮೇಲೆ ಕೈಗೆ ಬರೋ ದುಡ್ಡು. ಒಂದು ಲೆಕ್ಕ ನೋಡಿ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಇಟ್ಟ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಅಂದ್ರೆ 6,000 ರೂಪಾಯಿ ಸ್ಪೀಕರ್ ಅರ್ಧ ಕ್ವಿಂಟಾಲ್ ಕೊಬ್ಬರಿ! 'ಬಜೆಟ್' ಅನ್ನೋ ಪದ ಜಾಹೀರಾತಿನಲ್ಲಿ ಹಗುರ, ಅಟ್ಟದ ಮೇಲೆ ಅಲ್ಲ.
ಅದಕ್ಕೇ ಜನ ದಾರಿ ಹುಡುಕಿದ್ರು. ಎಲ್ಲೋ ಜೋಡಿಸಿದ ಅಸೆಂಬಲ್ಡ್ ಡೆಕ್ ತಂದು, ಸ್ಪೀಕರನ್ನ ಮಣ್ಣಿನ ಮಡಕೆ ಬಾಯಿಗೆ ಕೂರಿಸ್ತಿದ್ರು. ಇದು ಬರೀ ಹುಚ್ಚಾಟ ಅಲ್ಲ. ಸ್ಪೀಕರಿನ ಮುಂದಿನ ಸದ್ದನ್ನ ಹಿಂದಿನ ಸದ್ದು ಬಂದು ಕಡಿಯುತ್ತೆ, ಅದಕ್ಕೇ ಬಿಡಿ ಸ್ಪೀಕರಲ್ಲಿ ಬೇಸ್ ಬರಲ್ಲ. ಮಡಕೆ ಆ ಹಿಂದಿನ ಸದ್ದನ್ನ ತಡೆಯುತ್ತೆ. ಒಂದೇ ತೊಂದರೆ, ಮಡಕೆಗೆ ತನ್ನದೇ ಒಂದು ಸ್ವರ ಇರುತ್ತೆ. ಯಾವ ಹಾಡು ಹಾಕಿದ್ರೂ ಅದೇ 'ಗುಂ'.

5/7
1991ರ ನಂತರ ಮಾರುಕಟ್ಟೆ ತೆರೀತು. ಸೋನಿ 1994ರಲ್ಲಿ, ಎಲ್‌ಜಿ 1997ರಲ್ಲಿ ಇಲ್ಲಿ ಕಂಪನಿ ತೆಗೆದವು. ಪೈಪೋಟಿ ಜಾಸ್ತಿ ಆಗ್ತಾ ಆಗ್ತಾ ಅಂಗಡಿಗಳಲ್ಲಿ ಪಿಎಂಪಿಒ ಅನ್ನೋ ಲೆಕ್ಕ ರಾರಾಜಿಸಿತು. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಬಂದು ಹೋಗೋ ಗರಿಷ್ಠ ಶಕ್ತಿ ಅದು. ಅಳೆಯೋಕೆ ಎಲ್ಲರೂ ಒಪ್ಪಿದ ನಿಯಮ ಇಲ್ಲ. ಆರ್‌ಎಂಎಸ್ ಅಂದ್ರೆ ಹಾಡು ಮುಗಿಯೋವರೆಗೂ ನಿಜವಾಗಿ ಕೊಡೋ ಶಕ್ತಿ. ಮೊದಲನೆಯದು ಒಂದು ದಿನದ ಜಾತ್ರೆ ವ್ಯಾಪಾರ, ಎರಡನೆಯದು ವರ್ಷದ ನಿವ್ವಳ ಲಾಭ. ಅಮೆರಿಕದಲ್ಲಿ ಇಂಥ ಉತ್ಪ್ರೇಕ್ಷೆ ತಡೆಯೋಕೆ 1974ರಲ್ಲೇ ನಿಯಮ ಮಾಡಿದ್ರು.
ನಿಮ್ಮ ನಿಯಮ ಇದು: ಪೆಟ್ಟಿಗೆ ಹಿಂದೆ ಕರೆಂಟ್ 40 ವ್ಯಾಟ್ ಅಂತ ಇದ್ರೆ, ಒಂದೇ ಸಮ ಅದಕ್ಕಿಂತ ಜಾಸ್ತಿ ಹೊರಗೆ ಕೊಡೋಕೆ ಸಾಧ್ಯಾನೇ ಇಲ್ಲ. ಅದರಲ್ಲೂ ಒಂದು ಪಾಲು ಬಿಸಿಯಾಗಿ ಹೋಗುತ್ತೆ.

6/7
ಕಿವಿಯಿಂದ ಅಳೆಯೋದು ನಮಗೆ ಹೊಸದಲ್ಲ. ಅಟ್ಟದ ಕಾಯಿ ಕೊಬ್ಬರಿ ಆಗಿದ್ಯಾ ಅಂತ ಅಜ್ಜ ಹೇಗೆ ನೋಡ್ತಾರೆ? ಅಲ್ಲಾಡಿಸ್ತಾರೆ. ನೀರಿನ ಸದ್ದು ಬಂದ್ರೆ ವಾಪಸ್, ಒಳಗೆ ಗಟ್ಟಿಯಾಗಿ ಗಡಗಡ ಅಂದ್ರೆ ಸರಿ. ಸ್ಪೀಕರಿಗೂ ಹಾಗೇ:
• ನಿಮಗೆ ಬಾಯಿಪಾಠ ಇರೋ ಹಾಡನ್ನೇ ಹಾಕಿಸಿ, ಅಂಗಡಿಯವರ ಡೆಮೋ ಹಾಡು ಬೇಡ.
• ಮೊದಲು ಸಣ್ಣ ವಾಲ್ಯೂಮ್. ಪದ ಸ್ಪಷ್ಟವಾಗಿ ಕೇಳ್ಬೇಕು.
• ಆಮೇಲೆ ಜೋರು. ಒಡಕು ಸದ್ದು ಬರಬಾರದು.
• ಮನೇಲಿ ಎರಡೂ ಸ್ಪೀಕರನ್ನ ಶೋಕೇಸಲ್ಲಿ ಅಕ್ಕಪಕ್ಕ ಅಂಟಿಸಬೇಡಿ. ನೀವು ಕೂರೋ ಜಾಗ, ಎರಡು ಸ್ಪೀಕರ್, ಮೂರೂ ಸೇರಿ ತ್ರಿಕೋನ ಆಗ್ಬೇಕು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

7/7
ಇದು ಮುಖ್ಯ, ದಯವಿಟ್ಟು ಓದಿ. ಇವತ್ತಿನ ಬ್ಲೂಟೂತ್ ಸ್ಪೀಕರ್ ಬರೀ ಹಾಡುತ್ತೆ. ಆ ಹಳೇ ಪೆಟ್ಟಿಗೆ ಕೇಳಿಸಿಕೊಳ್ತಾನೂ ಇತ್ತು. ಕೆಂಪು ಬಟನ್ ಒತ್ತಿದ್ರೆ ರೆಕಾರ್ಡ್. ಮದುವೆ ಮನೆಯ ಸೋಬಾನೆ ಪದ, ಹರಿಕಥೆ, ಮಗುವಿನ ಮೊದಲ ಮಾತು, ಎಷ್ಟೋ ಮನೆಗಳಲ್ಲಿ ಇವೆಲ್ಲ ಕ್ಯಾಸೆಟ್ಟಲ್ಲಿವೆ. ನಮ್ಮಜ್ಜಿಯ ಹಾಡು ನಮಗೆ ಉಳಿದಿರೋದು ಅರವತ್ತು ನಿಮಿಷದ ಒಂದೇ ಕ್ಯಾಸೆಟ್ಟಲ್ಲಿ. ಅಜ್ಜಿ ಈಗಿಲ್ಲ. ಆ ಪದಗಳು ಅಮ್ಮನಿಗೂ ಪೂರ್ತಿ ಬರಲ್ಲ.
ಟೇಪು ಶಾಶ್ವತ ಅಲ್ಲ, ತೇವಕ್ಕೆ ಬೂಷ್ಟು ಹಿಡಿಯುತ್ತೆ. ಹಾಗಾಗಿ ಮೊದಲು ಕ್ಯಾಸೆಟ್ ಅಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ತುಣುಕು ಮುರೀರಿ, ತಪ್ಪಿ ಕೂಡ ಅಳಿಸಿ ಹೋಗಲ್ಲ. ಬೇಕಾಗಿಲ್ಲದ ಒಂದು ಕ್ಯಾಸೆಟ್ ಹಾಕಿ, ಪ್ಲೇಯರ್ ಟೇಪು ತಿನ್ನಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಆಮೇಲೆ ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿಗೆ ಒಂದು ವೈರು ಹಾಕಿ ರೆಕಾರ್ಡ್ ಮಾಡಿ, ಮನೆಯವರಿಗೆಲ್ಲ ಕಳಿಸಿ.
ಗುಜರಿಯವರು ಪೆಟ್ಟಿಗೆಯನ್ನ ಕೆಜಿ ಲೆಕ್ಕದಲ್ಲಿ ತಗೋತಾರೆ. ಒಳಗಿರೋ ದನಿಗೆ ಅವರ ತಕ್ಕಡೀಲಿ ತೂಕ ಇಲ್ಲ. ಈ ಭಾನುವಾರ ಅಟ್ಟ ಹತ್ತಿ ನೋಡಿ.

#ತಿಪಟೂರು #ತುರುವೇಕೆರೆ #ಚಿಕ್ಕನಾಯಕನಹಳ್ಳಿ #ಕಲ್ಪತರುನಾಡು #ಕ್ಯಾಸೆಟ್‌ಕಾಲ