ಗುಡ್ಡದ ನಡೆಯನ್ನು ಅಳೆಯುವ ಕ್ಯಾಮೆರಾ

2024ರ ಜುಲೈ 16ರಂದು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಗುಡ್ಡ ಕುಸಿಯಿತು. ಮಣ್ಣು ರಸ್ತೆಯನ್ನು ದಾಟಿ ಗಂಗಾವಳಿ ನದಿಗೆ ಇಳಿಯಿತು. ನದಿಯಲ್ಲಿ ಮುಳುಗಿದ್ದ ಲಾರಿಯೊಂದನ್ನು ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಕುಸಿಯುವ ಮುನ್ನ ಗುಡ್ಡ ಏನಾದರೂ ಸೂಚನೆ ಕೊಡುತ್ತದೆಯೆ? ಅಪಾಯದ ಇಳಿಜಾರಿಗೆ ಕಾಲಿಡದೆ, ಎದುರು ದಿಬ್ಬದಲ್ಲಿ ನಿಂತು ಅದನ್ನು ಓದಬಹುದೆ? ಈ ಪ್ರಶ್ನೆಗೆ ಒಂದೂವರೆ ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ.

ಚಿತ್ರದಿಂದ ಕೋನ

ದೂರದ ವಸ್ತುವನ್ನು ಮುಟ್ಟದೆ ಅಳೆಯುವ ವಿದ್ಯೆ ನಮಗೆ ಹೊಸದಲ್ಲ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರ ರೇಖೆಯೊಂದನ್ನು ಅಳೆದದ್ದು ತ್ರಿಕೋನ ಸರ್ವೇಕ್ಷಣೆಗಾಗಿಯೇ. ಒಂದು ಭುಜ ಮತ್ತು ಎರಡು ಕೋನ ತಿಳಿದರೆ ತ್ರಿಭುಜ ಪೂರ್ತಿ ತಿಳಿಯುತ್ತದೆ ಎಂಬುದನ್ನು ನೀವು ಪ್ರೌಢಶಾಲೆಯಲ್ಲೇ ಕಲಿತಿದ್ದೀರಿ.

ಥಿಯೋಡೊಲೈಟ್ ಒಂದು ಸಲಕ್ಕೆ ಒಂದು ಬಿಂದುವನ್ನು ನೋಡುತ್ತದೆ. ಛಾಯಾಚಿತ್ರವೋ ಸಾವಿರಾರು ಬಿಂದುಗಳ ಕೋನಗಳನ್ನು ಒಮ್ಮೆಗೇ ದಾಖಲಿಸುತ್ತದೆ. 19ನೆಯ ಶತಮಾನದ ಮಧ್ಯಭಾಗದಲ್ಲಿ ಇದನ್ನು ಭೂಮಾಪನಕ್ಕೆ ಬಳಸಿಕೊಂಡವನು ಫ್ರೆಂಚ್ ಸೇನಾಧಿಕಾರಿ ಏಮೆ ಲೌಸೆದಾ. 1889ರಲ್ಲಿ ಜರ್ಮನಿಯ ಗಣಿತಜ್ಞ ಸೆಬಾಸ್ಟಿಯನ್ ಫಿನ್‌ಸ್ಟರ್‌ವಾಲ್ಡರ್ ನೆಲದ ಮೇಲಿಂದ ತೆಗೆದ ಚಿತ್ರಗಳ ನೆರವಿನಿಂದ ಆಲ್ಪ್ಸ್‌ನ ವೆರ್ನಾಗ್ಟ್ ಹಿಮನದಿಯ ನಕ್ಷೆ ರಚಿಸಿದ. ನಿಧಾನವಾಗಿ ಜರುಗುವ ಹಿಮನದಿಗೆ ಒಗ್ಗಿದ ವಿಧಾನ, ನಿಧಾನವಾಗಿ ಜರುಗುವ ಗುಡ್ಡಕ್ಕೂ ಒಗ್ಗಬೇಕಲ್ಲವೆ? 1901ರಲ್ಲಿ ಕಾರ್ಲ್ ಪುಲ್‌ಫ್ರಿಶ್ ರೂಪಿಸಿದ ಸ್ಟೀರಿಯೊಕಂಪ್ಯಾರೇಟರ್ ಎರಡು ಚಿತ್ರಗಳ ನಡುವಿನ ಸೂಕ್ಷ್ಮ ವ್ಯತ್ಯಾಸವನ್ನು ಅಳೆಯುವುದನ್ನು ಸುಲಭ ಮಾಡಿತು.

ಫಿಲ್ಮಿನಿಂದ ಪಿಕ್ಸೆಲ್‌ಗೆ

ಜಪಾನಿನ ಯಾಕೆದಾಕೆ ಜ್ವಾಲಾಮುಖಿಯ ಕಣಿವೆಯಲ್ಲಿ 1970ರಿಂದ ಕ್ಯೋಟೊ ವಿಶ್ವವಿದ್ಯಾಲಯದವರು ಕಲ್ಲುಮಣ್ಣಿನ ಪ್ರವಾಹಗಳನ್ನು ಕ್ಯಾಮೆರಾಗಳಲ್ಲಿ ಸೆರೆಹಿಡಿದರು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಕೆಲಸ ಇನ್ನಷ್ಟು ಬದಲಾಯಿತು. ಫ್ರಾನ್ಸ್‌ನ ಸೂಪರ್-ಸೋಜ್ ಎಂಬಲ್ಲಿ ದಿನಕ್ಕೆ ಕೆಲವು ಸೆಂಟಿಮೀಟರ್ ಜಾರುವ ಗುಡ್ಡದ ಎದುರು ಸಾಮಾನ್ಯ ಕ್ಯಾಮೆರಾವೊಂದನ್ನು ಸ್ಥಿರವಾಗಿ ನೆಟ್ಟು 2008-09ರಲ್ಲಿ ಚಿತ್ರಸರಣಿ ತೆಗೆಯಲಾಯಿತು. ಮೊದಲ ಚಿತ್ರದ ಒಂದು ಚಿಕ್ಕ ತುಣುಕು ಮುಂದಿನ ಚಿತ್ರದಲ್ಲಿ ಎಲ್ಲಿಗೆ ಸರಿದಿದೆಯೆಂದು ಕಂಪ್ಯೂಟರ್ ಹುಡುಕುತ್ತದೆ. ಹೀಗೆ ಗುಡ್ಡದ ಉದ್ದಗಲಕ್ಕೂ ಚಲನೆಯ ನಕ್ಷೆ ಸಿದ್ಧವಾಗುತ್ತದೆ.

ಲೆಕ್ಕ ಮಾಡಿ ನೋಡಿ. ಮಸೂರದ ಸಂಗಮದೂರ 50 ಮಿ.ಮೀ., ಪಿಕ್ಸೆಲ್‌ನ ಅಗಲ 0.005 ಮಿ.ಮೀ., ಗುಡ್ಡದ ದೂರ 500 ಮೀಟರ್ ಇರಲಿ. ಸಮರೂಪ ತ್ರಿಭುಜಗಳ ನಿಯಮದಂತೆ ಒಂದು ಪಿಕ್ಸೆಲ್ ಗುಡ್ಡದ ಮೇಲಿನ 5 ಸೆಂ.ಮೀ.ಗೆ ಸಮ. ಪಿಕ್ಸೆಲ್‌ನ ಐದನೇ ಒಂದು ಭಾಗದಷ್ಟು ಸರಿದಾಟವನ್ನು ಗುರುತಿಸಬಲ್ಲಿರಾದರೆ 1 ಸೆಂ.ಮೀ. ಚಲನೆಯೂ ತಿಳಿಯುತ್ತದೆ. ಆದರೆ ಒಂದೇ ಕ್ಯಾಮೆರಾ ದೃಷ್ಟಿರೇಖೆಗೆ ಅಡ್ಡವಾದ ಚಲನೆಯನ್ನಷ್ಟೇ ಕಾಣುತ್ತದೆ. ತನ್ನತ್ತ ನೇರವಾಗಿ ಬರುವ ಚಲನೆಯನ್ನು ಅಳೆಯಲು ಎರಡನೆಯ ಕ್ಯಾಮೆರಾ ಬೇಕು.

ಈ ಅಂಕಿಗಳಿಂದ ಏನು ಪ್ರಯೋಜನ? 1985ರಲ್ಲಿ ಜಪಾನಿನ ಫುಕುಜೋನೊ ಒಂದು ಸರಳ ಉಪಾಯ ಸೂಚಿಸಿದ: ವೇಗದ ವಿಲೋಮವನ್ನು ಕಾಲದ ಎದುರು ಗುರುತಿಸಿ. ಇಂದು ದಿನಕ್ಕೆ 1 ಸೆಂ.ಮೀ. ಇದ್ದ ವೇಗ ಐದನೆಯ ದಿನ 2 ಸೆಂ.ಮೀ. ಆದರೆ ವಿಲೋಮ 1ರಿಂದ 0.5ಕ್ಕೆ ಇಳಿಯುತ್ತದೆ. ರೇಖೆ ನೇರವಾಗಿಯೇ ಮುಂದುವರಿದರೆ ಹತ್ತನೆಯ ದಿನ ಸೊನ್ನೆ ಮುಟ್ಟುತ್ತದೆ. ಅದೇ ಕುಸಿತದ ಅಂದಾಜು ದಿನ.

ನಮ್ಮ ಘಟ್ಟಗಳಲ್ಲಿ

ಇಲ್ಲಿ ಎರಡು ತೊಡಕುಗಳಿವೆ. ಪಶ್ಚಿಮ ಘಟ್ಟದ ಗುಡ್ಡಗಳು ಹೆಚ್ಚಾಗಿ ಕುಸಿಯುವುದು ಜಡಿಮಳೆಯಲ್ಲಿ. ಮಂಜು, ಮಳೆ, ಕತ್ತಲೆಗಳಲ್ಲಿ ಕ್ಯಾಮೆರಾ ಕುರುಡು. ಅಂಥ ವೇಳೆ ನೆಲದ ಮೇಲಿನ ರೇಡಾರ್ ಹೆಚ್ಚು ಉಪಯುಕ್ತ, ಆದರೆ ದುಬಾರಿ. ಜೊತೆಗೆ ಹಸಿರು ಹೊದಿಕೆ ನೆಲವನ್ನೇ ಮರೆಮಾಡುತ್ತದೆ.

ಹಾಗೆಂದು ಕ್ಯಾಮೆರಾ ನಿರುಪಯೋಗಿಯಲ್ಲ. ಕೊಡಗಿನ ಬ್ರಹ್ಮಗಿರಿಯಲ್ಲಿ 2019ರಲ್ಲೇ ಬಿರುಕುಗಳು ಕಾಣಿಸಿಕೊಂಡಿದ್ದವೆಂದು ವರದಿಯಾಗಿತ್ತು. 2020ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ತಲಕಾವೇರಿಯ ಅರ್ಚಕರ ಮನೆ ಮಣ್ಣಿನಡಿ ಹೂತುಹೋಯಿತು. ಎರಡು ಮಳೆಗಾಲಗಳ ನಡುವಿನ ತಿಳಿ ಆಕಾಶದ ತಿಂಗಳುಗಳಲ್ಲಿ ಬಿರುಕು ಅಗಲವಾಗುತ್ತಿದೆಯೆ, ಹೆದ್ದಾರಿಗಾಗಿ ಕಡಿದ ಬರಿಯ ಇಳಿಜಾರು ಉಬ್ಬುತ್ತಿದೆಯೆ ಎಂದು ತಿಳಿಸಲು ಅಗ್ಗದ ಕ್ಯಾಮೆರಾವೂ ಸಾಕು. 2024ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಕೋಲ್ಕತ್ತದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರವನ್ನು ಆರಂಭಿಸಿತು. ಮಳೆಯ ಪ್ರಮಾಣವನ್ನು ಆಧರಿಸಿದ ಮುನ್ಸೂಚನೆ ಒಂದು ಪ್ರದೇಶವನ್ನು ಎಚ್ಚರಿಸಬಲ್ಲದು; ಯಾವ ಗುಡ್ಡ ಎಂದು ಹೇಳಲು ಆ ಗುಡ್ಡವನ್ನೇ ನೋಡುತ್ತಿರಬೇಕು.

ನೀವೇ ಮಾಡಿ

ಜಗಳೂರು ತಾಲ್ಲೂಕಿನ ಸೊಕ್ಕೆಯಂಥ ಬಯಲುಸೀಮೆಯ ಊರಿನಲ್ಲೂ ಈ ಪಾಠ ಕಲಿಸಬಹುದು. ಓರೆಯಾಗಿಟ್ಟ ಹಲಗೆಯ ಮೇಲೆ ಮರಳುಮಣ್ಣಿನ ರಾಶಿ ಹಾಕಿ, ಬಣ್ಣ ಬಳಿದ ಹರಳುಗಳನ್ನು ಊರಿ, ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಮೊಬೈಲನ್ನು ಅಲುಗದಂತೆ ನಿಲ್ಲಿಸಿ. ಸಮಾನ ಅವಧಿಗೊಮ್ಮೆ ಒಂದೊಂದು ಲೋಟ ನೀರು ಸುರಿದು, ಪ್ರತಿ ಸಲವೂ ಚಿತ್ರ ತೆಗೆಯಿರಿ. ಹರಳುಗಳ ಸರಿದಾಟವನ್ನು ನಕ್ಷೆ ಹಾಳೆಯಲ್ಲಿ ಗುರುತಿಸಿ. ರಾಶಿ ಕುಸಿಯುವ ಮುನ್ನ ಹರಳುಗಳು ವೇಗ ಹೆಚ್ಚಿಸಿಕೊಂಡವೆ, ಇಲ್ಲ ಒಮ್ಮೆಗೇ ಜಾರಿದವೆ? ಎರಡೂ ಉತ್ತರಗಳು ಬರಬಹುದು. ಎರಡನೆಯದು ಬಂದರೆ, ಗುಡ್ಡದ ಬುಡದಲ್ಲಿರುವವರನ್ನು ಕ್ಯಾಮೆರಾ ಒಂದನ್ನೇ ನಂಬಿ ಏಕೆ ಬಿಡಬಾರದು ಎಂಬುದು ವಿದ್ಯಾರ್ಥಿಗಳಿಗೆ ತಾನಾಗಿ ತಿಳಿಯುತ್ತದೆ.