ರಸ್ತೆಗೆ ಹೋದ ಜಮೀನಿನ ಬೆಲೆ

ಅಕ್ಕಪಕ್ಕದ ಸರ್ವೆ ನಂಬರಿನ ಇಬ್ಬರು ರೈತರು ರಸ್ತೆಗೆ ಜಮೀನು ಬಿಟ್ಟುಕೊಟ್ಟರೆ ಇಬ್ಬರಿಗೂ ಒಂದೇ ಲೆಕ್ಕದಲ್ಲಿ ಪರಿಹಾರ ಸಿಗುತ್ತದೆಂಬ ಖಾತ್ರಿ ನಮ್ಮಲ್ಲಿ ಬಹಳ ಕಾಲ ಇರಲಿಲ್ಲ. ಒಬ್ಬನ ಹೊಲ ಲೋಕೋಪಯೋಗಿ ಇಲಾಖೆಯ ರಸ್ತೆಗೆ, ಇನ್ನೊಬ್ಬನದು ರಾಷ್ಟ್ರೀಯ ಹೆದ್ದಾರಿಗೆ ಹೋದರೆ ಸಾಕು, ಲೆಕ್ಕವೇ ಬೇರೆಯಾಗುತ್ತಿತ್ತು. ಈ ಭೇದವನ್ನು ಅಳಿಸಲು ನಡೆದ ಹೋರಾಟವೇ ನಮ್ಮ ಭೂಸ್ವಾಧೀನ ಕಾನೂನಿನ ಬೆಳವಣಿಗೆಯ ಮುಖ್ಯ ಎಳೆ ಎಂದು ನನಗೆ ತೋರುತ್ತದೆ.

ಬ್ರಿಟಿಷರ 1894ರ ಭೂಸ್ವಾಧೀನ ಕಾಯ್ದೆಯ ಸೂತ್ರ ಸರಳವಾಗಿತ್ತು. ಪ್ರಾಥಮಿಕ ಅಧಿಸೂಚನೆ ಹೊರಟ ದಿನ ಜಮೀನಿಗೆ ಮಾರುಕಟ್ಟೆಯಲ್ಲಿ ಎಷ್ಟು ಬೆಲೆಯೋ ಅಷ್ಟು, ಅದರ ಮೇಲೆ ಬಲವಂತವಾಗಿ ಕಿತ್ತುಕೊಂಡದ್ದಕ್ಕೆ ಶೇ 15 ಸೊಲೇಷಿಯಂ. ಮಾಲೀಕನ ಆಕ್ಷೇಪಣೆ ಕೇಳಬೇಕೆಂಬ ನಿಯಮ ಬಂದದ್ದು 1923ರಲ್ಲಿ. 1984ರ ತಿದ್ದುಪಡಿ ಸೊಲೇಷಿಯಂ ಅನ್ನು ಶೇ 30ಕ್ಕೆ ಏರಿಸಿತು. ಅಧಿಸೂಚನೆಯ ದಿನದಿಂದ ವರ್ಷಕ್ಕೆ ಶೇ 12ರಂತೆ ಹೆಚ್ಚುವರಿ ಮೊತ್ತವನ್ನೂ ಸೇರಿಸಿತು. ಕೋರ್ಟಿಗೆ ಹೋದ ನೆರೆಯವನಿಗೆ ದರ ಹೆಚ್ಚಾದರೆ, ಹೋಗದವನೂ ಅದೇ ದರ ಕೇಳಬಹುದೆಂಬ 28-ಎ ಕಲಂ ಬಂದದ್ದೂ ಆಗಲೇ. ವಕೀಲರಿಗೆ ಫೀಸು ಕೊಡಲಾಗದ ಬಡ ಹಿಡುವಳಿದಾರನಿಗೆ ಆ ಕಾಯ್ದೆ ಮಾಡಿದ ದೊಡ್ಡ ಉಪಕಾರ ಅದು.

ಸಂವಿಧಾನದ ಕಡೆಯ ಪಯಣ ತಿರುವುಮುರುವಾದುದು. 1953ರ ಕೊನೆಯಲ್ಲಿ ಬೇಲಾ ಬ್ಯಾನರ್ಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪರಿಹಾರ ಕಳೆದುಕೊಂಡ ಆಸ್ತಿಗೆ ಸರಿಸಮವಾಗಿರಬೇಕು ಎಂದಿತು. ಮೊತ್ತ ಸಾಕೇ ಎಂದು ಕೋರ್ಟು ಕೇಳದಂತೆ 1955ರ ತಿದ್ದುಪಡಿ ಬಾಗಿಲು ಹಾಕಿತು. 1978ರ 44ನೇ ತಿದ್ದುಪಡಿ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದು 300-ಎ ವಿಧಿಗೆ ಇಳಿಸಿತು.

ಹೆದ್ದಾರಿಯ ರೈತನಿಗೆ ಪೆಟ್ಟು ಬಿದ್ದದ್ದು 1997ರಲ್ಲಿ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಗೆ 3-ಎಯಿಂದ 3-ಜೆವರೆಗಿನ ಕಲಂಗಳು ಸೇರಿದವು. ಕೆಲಸ ಬೇಗ ಆಗಬೇಕೆಂಬುದು ಉದ್ದೇಶ. ಆಕ್ಷೇಪಣೆಗೆ 21 ದಿನ. 3-ಡಿ ಘೋಷಣೆ ಹೊರಟ ಕ್ಷಣವೇ ಜಮೀನು ಕೇಂದ್ರ ಸರ್ಕಾರದ್ದು. 3-ಜೆ ಕಲಂ 1894ರ ಕಾಯ್ದೆಯನ್ನೇ ಹೊರಗಿಟ್ಟಿದ್ದರಿಂದ ಸೊಲೇಷಿಯಮ್ಮೂ ಇಲ್ಲ, ಅದರಡಿ ಸಿಗುತ್ತಿದ್ದ ಬಡ್ಡಿಯೂ ಇಲ್ಲ. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಬೆಳಗಾವಿಯ ಮೇಲೆ ಹಾಯುವ ಸುವರ್ಣ ಚತುಷ್ಪಥ ರೂಪುಗೊಂಡದ್ದು ಇದೇ ಕಾಲದಲ್ಲಿ ಎಂಬುದನ್ನು ನೆನೆದರೆ ಈ ಕಲಮಿನ ಭಾರ ಅರಿವಾಗುತ್ತದೆ.

ಯಾವ ಕಾಯ್ದೆಯಡಿ ಜಮೀನು ಹೋಯಿತೆಂಬ ಕಾರಣಕ್ಕೆ ಮಾಲೀಕರಲ್ಲಿ ಭೇದ ಮಾಡಬಾರದೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 1972ರಲ್ಲೇ, ನಾಗಪುರ ಇಂಪ್ರೂವ್‌ಮೆಂಟ್ ಟ್ರಸ್ಟ್ ಪ್ರಕರಣದಲ್ಲಿ ಹೇಳಿತ್ತು. ಅದು ಗೊತ್ತಿದ್ದೂ 3-ಜೆ ಬರೆದದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ನಮ್ಮ ಹೈಕೋರ್ಟ್ 2000ದ ದಶಕದ ಆರಂಭದಲ್ಲೇ ಇದನ್ನು ಗುರುತಿಸಿ ರೈತರ ಪರ ನಿಂತದ್ದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಕೊನೆಗೆ 2019ರ ಸೆಪ್ಟೆಂಬರ್ 19ರಂದು ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸೊಲೇಷಿಯಂ ಮತ್ತು ಬಡ್ಡಿಯನ್ನು ತಪ್ಪಿಸುವ ಮಟ್ಟಿಗೆ 3-ಜೆ ಅಸಾಂವಿಧಾನಿಕ ಎಂದು ಸಾರಿತು. ಈ ತೀರ್ಪು ಮುಂದಿನ ಪ್ರಕರಣಗಳಿಗೆ ಮಾತ್ರ ಅನ್ವಯಿಸಲಿ ಎಂದು ಹೆದ್ದಾರಿ ಪ್ರಾಧಿಕಾರ ಕೇಳಿಕೊಂಡಿತು. 2025ರ ಫೆಬ್ರುವರಿಯಲ್ಲಿ ಕೋರ್ಟು ಅದನ್ನೂ ಒಪ್ಪಲಿಲ್ಲ.

ಆದರೆ ಸೊಲೇಷಿಯಂ ಲೆಕ್ಕ ಹಾಕುವುದು ಮೂಲ ಬೆಲೆಯ ಮೇಲೆ. ಆ ಬೆಲೆಯೇ ಕಡಿಮೆಯಾದರೆ? ತಮಿಳುನಾಡಿನ ಒಂದು ಹೆದ್ದಾರಿ ಪ್ರಕರಣದಲ್ಲಿ ಅಧಿಕಾರಿ ನಿಗದಿ ಮಾಡಿದ್ದು ಚದರ ಮೀಟರಿಗೆ 46.55 ರೂಪಾಯಿಯಿಂದ 83.15 ರೂಪಾಯಿ. ಮಧ್ಯಸ್ಥಗಾರ ಅದನ್ನು ಮುಟ್ಟಲಿಲ್ಲ. ಜಿಲ್ಲಾ ನ್ಯಾಯಾಧೀಶರು ನೋಡಿದಾಗ ಅದು 645 ರೂಪಾಯಿಯಾಯಿತು. ಮಧ್ಯಸ್ಥಗಾರನ ತೀರ್ಪನ್ನು ಕೋರ್ಟು ರದ್ದು ಮಾಡಬಹುದೇ ವಿನಾ ತಿದ್ದುವಂತಿಲ್ಲ ಎಂದು 2021ರಲ್ಲಿ ಎಂ. ಹಕೀಂ ಪ್ರಕರಣವೆಂದೇ ಹೆಸರಾದ ಈ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಿದ್ದೂ ನ್ಯಾಯ ನೋಡಿ ಈ ರೈತರ ಹಣಕ್ಕೆ ಕೈ ಹಾಕಲಿಲ್ಲ. 2025ರ ಏಪ್ರಿಲ್‌ನಲ್ಲಿ ಸಂವಿಧಾನ ಪೀಠ ಸೀಮಿತವಾಗಿ ತಿದ್ದುವ ಅಧಿಕಾರವನ್ನು ಒಪ್ಪಿದೆ. ಹೆದ್ದಾರಿ ಪ್ರಕರಣಗಳಲ್ಲಿ ಮಧ್ಯಸ್ಥಗಾರನನ್ನು ನೇಮಿಸುವುದು ಕೇಂದ್ರ ಸರ್ಕಾರ, ಜಮೀನು ಪಡೆಯುವುದೂ ಕೇಂದ್ರ ಸರ್ಕಾರ. ಈ ವ್ಯವಸ್ಥೆ ಬದಲಾಗಲೇಬೇಕು.

2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಹೊಸ ಭೂಸ್ವಾಧೀನ ಕಾಯ್ದೆ ಲೆಕ್ಕದ ತಳಹದಿಯನ್ನೇ ಬದಲಿಸಿತು. ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟನ್ನು ಆರಿಸಿ ಸರಾಸರಿ ತೆಗೆಯಬೇಕು. ಮಾರ್ಗಸೂಚಿ ಬೆಲೆ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಹಿಡಿಯಬೇಕು. ಹಳ್ಳಿಯ ಜಮೀನಾದರೆ ಪಟ್ಟಣದಿಂದ ಇರುವ ದೂರ ನೋಡಿ ಎರಡು ಪಟ್ಟಿನವರೆಗೆ ಗುಣಿಸಿ, ಮರ, ಬಾವಿ, ಮನೆಯ ಬೆಲೆ ಕೂಡಿಸಿ, ಅಷ್ಟೇ ಮೊತ್ತದ ಸೊಲೇಷಿಯಂ ಕೊಡಬೇಕು. ಗುಣಕ ಎರಡಾದರೆ 10 ಲಕ್ಷದ ಹೊಲಕ್ಕೆ 40 ಲಕ್ಷ. ಹೆದ್ದಾರಿ ಕಾಯ್ದೆ ಮೊದಲು ಇದರ ಹೊರಗಿತ್ತು; 2015ರಿಂದ ಹೆದ್ದಾರಿಯ ರೈತನಿಗೂ ಇದೇ ಲೆಕ್ಕ. ಅಳತೆಗೋಲು ಒಳ್ಳೆಯದೇ, ಆದರೆ ಮುದ್ರಾಂಕ ಶುಲ್ಕ ಉಳಿಸಲು ಕ್ರಯಪತ್ರದಲ್ಲಿ ಬೆಲೆ ಇಳಿಸಿ ಬರೆಸುವ ರೂಢಿ ಅದರ ಬುಡವನ್ನೇ ಕೊರೆಯುತ್ತದೆ.

ಇನ್ನು ವಿಳಂಬ. ಬೆಂಗಳೂರು–ಮೈಸೂರು ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್‌ಗಾಗಿ 2003ರಲ್ಲಿ ಅಧಿಸೂಚನೆಯಾಗಿ, 2005ರಲ್ಲಿ ಸ್ವಾಧೀನಕ್ಕೆ ಹೋದ ನಿವೇಶನಗಳಿಗೆ ಅವಾರ್ಡ್ ಆದದ್ದು 2019ರ ಏಪ್ರಿಲ್ 22ಕ್ಕೆ, ಅದೂ 2011ರ ಮಾರ್ಗಸೂಚಿ ಬೆಲೆಗೆ. 2025ರ ಜನವರಿ 2ರಂದು ಸುಪ್ರೀಂ ಕೋರ್ಟ್ ತನ್ನ ವಿಶೇಷಾಧಿಕಾರ ಬಳಸಿ, 2019ರ ಬೆಲೆ ಹಿಡಿದು ಹೊಸ ಅವಾರ್ಡ್ ಮಾಡಿ ಎಂದಿತು. ಹಿಮಾಚಲದ ಹಮೀರ್‌ಪುರ ಜಿಲ್ಲೆಯಲ್ಲಿ ಇನ್ನೂ ಘೋರ. 1967–68ರಲ್ಲಿ ರಸ್ತೆಗೆ ಹೋದ ಜಮೀನಿಗೆ ಅಕ್ಷರ ಬಾರದ ವೃದ್ಧೆಯೊಬ್ಬರಿಗೆ ಪರಿಹಾರದ ಆದೇಶ ಸಿಕ್ಕಿದ್ದು 2020ರಲ್ಲಿ. ಇಷ್ಟು ವರ್ಷ ಜಮೀನು ನಮ್ಮ ಸ್ವಾಧೀನದಲ್ಲಿದೆ, ಹಾಗಾಗಿ ನಮ್ಮದೇ ಎಂದು ಸರ್ಕಾರವೇ ವಾದಿಸಿತ್ತು! ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಗೆ 2005ರಲ್ಲಿ ಪ್ರಾಥಮಿಕ, 2007ರಲ್ಲಿ ಅಂತಿಮ ಅಧಿಸೂಚನೆಯಾಯಿತು. ಆಮೇಲೆ ವರ್ಷಗಟ್ಟಲೆ ಅಲ್ಲಿನವರಿಗೆ ಮಾರುವಂತಿಲ್ಲ, ಕಟ್ಟುವಂತಿಲ್ಲ, ಕೈಗೆ ದುಡ್ಡೂ ಇಲ್ಲ.

ನಿಮ್ಮ ಹೊಲದ ಮೇಲೆ ರಸ್ತೆ ಗುರುತಾಗಿದ್ದರೆ ಮೊದಲು ಪಹಣಿ ನೋಡಿಕೊಳ್ಳಿ. ಅದು ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿದ್ದರೆ ಪೌತಿ ಖಾತೆ ಮಾಡಿಸಿ, ಇಲ್ಲದಿದ್ದರೆ ಹಣ ಹಂಚಿಕೆಯ ವ್ಯಾಜ್ಯದಲ್ಲಿ ಸಿಕ್ಕಿಕೊಳ್ಳುತ್ತದೆ. ಜಂಟಿ ಅಳತೆಯ ದಿನ ಹೊಲದಲ್ಲೇ ಇದ್ದು ಪ್ರತಿ ಮರ, ಕೊಳವೆಬಾವಿ, ಕಟ್ಟೆಯನ್ನು ಬರೆಸಿ. ಹೆದ್ದಾರಿಯಾದರೆ ಆಕ್ಷೇಪಣೆಯ 21 ದಿನ ಮೀರಬೇಡಿ. ದರ ಒಪ್ಪಿಗೆಯಾಗದಿದ್ದರೆ, ಹಣ ಪಡೆಯುವಾಗಲೇ ‘ಪ್ರತಿಭಟನೆಯೊಂದಿಗೆ ಪಡೆದಿದ್ದೇನೆ’ ಎಂದು ಬರೆದು ಸಹಿ ಹಾಕಿ.