ವಿದೇಶದಲ್ಲಿ ನೆಲೆಸುವ ನಾಗರಿಕರು ಸ್ಥಳೀಯ ಚಾಲನಾ ಅನುಜ್ಞಾಪತ್ರ ಪಡೆಯುವ ಬಗ್ಗೆ ಮಾಹಿತಿ

ಉದ್ಯೋಗ, ವ್ಯಾಸಂಗ ಅಥವಾ ಕುಟುಂಬದ ಕಾರಣದಿಂದ ರಾಜ್ಯದ ಅನೇಕ ನಾಗರಿಕರು ವಿದೇಶಗಳಲ್ಲಿ ನೆಲೆಸುತ್ತಿದ್ದಾರೆ. ಕರ್ನಾಟಕದಲ್ಲಿ ಪಡೆದ ಚಾಲನಾ ಅನುಜ್ಞಾಪತ್ರವು ಆ ದೇಶಗಳಲ್ಲಿ ಸೀಮಿತ ಅವಧಿಗೆ ಮಾತ್ರ ಸಲ್ಲುತ್ತದೆ. ಅವಧಿ ಮುಗಿದ ನಂತರ ವಾಹನ ಚಲಾಯಿಸಿದಲ್ಲಿ ಅದು ಅನುಜ್ಞಾಪತ್ರವಿಲ್ಲದ ಚಾಲನೆಯೆಂದು ಪರಿಗಣಿತವಾಗುವುದಲ್ಲದೆ, ಅಪಘಾತವಾದ ಸಂದರ್ಭದಲ್ಲಿ ವಿಮಾ ಪರಿಹಾರಕ್ಕೂ ತೊಡಕಾಗುತ್ತದೆ. ಆದ್ದರಿಂದ ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಪ್ರವಾಸಿ ಮತ್ತು ನಿವಾಸಿ

ಅಲ್ಪಾವಧಿಯ ಭೇಟಿಗೆ ಬಂದವರಿಗೂ ನಿವಾಸಿಯಾಗಿ ನೆಲೆಸುವವರಿಗೂ ಬಹುತೇಕ ದೇಶಗಳಲ್ಲಿ ಬೇರೆ ಬೇರೆ ನಿಯಮಗಳು ಅನ್ವಯಿಸುತ್ತವೆ. ಪ್ರವಾಸಿಗೆ ಅಂತರರಾಷ್ಟ್ರೀಯ ಚಾಲನಾ ಪರ್ಮಿಟ್ ಸಾಮಾನ್ಯವಾಗಿ ಸಾಕಾಗುತ್ತದೆ. ನಿವಾಸಿಯಾದವರು ನಿಗದಿತ ಅವಧಿಯೊಳಗೆ ಆ ದೇಶದ ಅನುಜ್ಞಾಪತ್ರವನ್ನೇ ಪಡೆಯಬೇಕಾಗುತ್ತದೆ. ಈ ಅವಧಿಯನ್ನು ನಿವಾಸ ಆರಂಭವಾದ ದಿನದಿಂದ ಎಣಿಸಲಾಗುತ್ತದೆಯೇ ಹೊರತು ಪರ್ಮಿಟ್ ಪಡೆದ ದಿನದಿಂದಲ್ಲ. ಪರ್ಮಿಟ್‌ನಲ್ಲಿ ಇನ್ನೂ ಅವಧಿ ಉಳಿದಿದೆ ಎಂಬ ಕಾರಣಕ್ಕೆ ನಿವಾಸಿಗೆ ಚಾಲನೆಯ ಹಕ್ಕು ಮುಂದುವರಿಯುವುದಿಲ್ಲ.

2. ತೆರಳುವ ಮುನ್ನ ಗಮನಿಸಬೇಕಾದ ಅಂಶಗಳು

ಅ) ಅನುಜ್ಞಾಪತ್ರದ ಸಿಂಧುತ್ವದ ಅವಧಿಯನ್ನು ಪರಿಶೀಲಿಸಿಕೊಳ್ಳತಕ್ಕದ್ದು. ಮೋಟಾರು ವಾಹನಗಳ ತಿದ್ದುಪಡಿ ಅಧಿನಿಯಮ, 2019 ರ ಪ್ರಕಾರ ಸಾರಿಗೇತರ ವಾಹನಗಳ ಅನುಜ್ಞಾಪತ್ರವನ್ನು 30 ವರ್ಷದೊಳಗೆ ಪಡೆದವರಿಗೆ 40 ವರ್ಷ ವಯಸ್ಸಿನವರೆಗೆ, 30 ರಿಂದ 50 ವರ್ಷದೊಳಗೆ ಪಡೆದವರಿಗೆ 10 ವರ್ಷಗಳವರೆಗೆ, 50 ರಿಂದ 55 ವರ್ಷದೊಳಗೆ ಪಡೆದವರಿಗೆ 60 ವರ್ಷ ವಯಸ್ಸಿನವರೆಗೆ ಹಾಗೂ 55 ವರ್ಷ ದಾಟಿದವರಿಗೆ 5 ವರ್ಷಗಳವರೆಗೆ ನೀಡಲಾಗುತ್ತದೆ.

ಆ) ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದಲೇ ನವೀಕರಣಕ್ಕೆ ಅರ್ಜಿ ಸಲ್ಲಿಸಲು ಅವಕಾಶವಿದೆ. ವಿದೇಶದಲ್ಲಿರುವಾಗ ಅವಧಿ ಮುಗಿಯುವ ಸಂಭವವಿದ್ದವರು ಈ ಅವಕಾಶವನ್ನು ಬಳಸಿಕೊಳ್ಳುವುದು ಸೂಕ್ತ. 40 ವರ್ಷ ಮೀರಿದವರು ನಮೂನೆ 1ಎ ರಲ್ಲಿ ವೈದ್ಯಕೀಯ ಪ್ರಮಾಣಪತ್ರ ಲಗತ್ತಿಸಬೇಕು.

ಇ) ಹಳೆಯ ಪುಸ್ತಕ ರೂಪದ ಅನುಜ್ಞಾಪತ್ರ ಹೊಂದಿರುವವರು ತಮ್ಮ ವಿವರಗಳು ಸಾರಥಿ ತಂತ್ರಾಂಶದಲ್ಲಿ ದಾಖಲಾಗಿವೆಯೇ ಎಂದು ಖಚಿತಪಡಿಸಿಕೊಳ್ಳತಕ್ಕದ್ದು. ದಾಖಲಾಗದಿದ್ದಲ್ಲಿ ಮೂಲ ಕಚೇರಿಯನ್ನು ಸಂಪರ್ಕಿಸಬೇಕು.

ಈ) ಹೆಸರು ಮತ್ತು ಜನ್ಮ ದಿನಾಂಕ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇರಬೇಕು. ತಂದೆಯ ಹೆಸರಿನ ಅಥವಾ ಊರಿನ ಹೆಸರಿನ ಮೊದಲಕ್ಷರವನ್ನು ಒಂದು ದಾಖಲೆಯಲ್ಲಿ ಮಾತ್ರ ಬಿಡಿಸಿ ಬರೆದಿದ್ದರೆ ಎರಡೂ ಒಬ್ಬರದೇ ಎಂದು ವಿದೇಶಿ ಕಚೇರಿಗಳಲ್ಲಿ ಸಾಬೀತುಪಡಿಸುವುದು ಕಷ್ಟವಾಗುತ್ತದೆ. ಇಂತಹ ತಿದ್ದುಪಡಿಯನ್ನು ತೆರಳುವ ಮುನ್ನವೇ ಮಾಡಿಸಿಕೊಳ್ಳುವುದು ಒಳ್ಳೆಯದು.

3. ಅಂತರರಾಷ್ಟ್ರೀಯ ಚಾಲನಾ ಪರ್ಮಿಟ್

ರಸ್ತೆ ಸಂಚಾರ ಕುರಿತ 1949 ರ ಜಿನೀವಾ ಒಪ್ಪಂದದ ಮೇರೆಗೆ ಭಾರತವು ಈ ಪರ್ಮಿಟ್ ನೀಡುತ್ತದೆ. ಚಾಲ್ತಿಯಲ್ಲಿರುವ ಭಾರತೀಯ ಅನುಜ್ಞಾಪತ್ರ ಹೊಂದಿದವರು ನಮೂನೆ 4ಎ ರಲ್ಲಿ ಅರ್ಜಿ ಸಲ್ಲಿಸಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಶುಲ್ಕ ರೂ. 1000. ಪರ್ಮಿಟ್‌ನ ಅವಧಿ ಒಂದು ವರ್ಷ ಅಥವಾ ಮೂಲ ಅನುಜ್ಞಾಪತ್ರದ ಅವಧಿ, ಇವುಗಳಲ್ಲಿ ಯಾವುದು ಮೊದಲೋ ಅದು. ಕಲಿಕಾ ಅನುಜ್ಞಾಪತ್ರದ ಆಧಾರದ ಮೇಲೆ ಪರ್ಮಿಟ್ ನೀಡಲಾಗುವುದಿಲ್ಲ.

ಕೇಂದ್ರ ಸರ್ಕಾರವು ಜನವರಿ 2021 ರಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಅರ್ಜಿಯೊಂದಿಗೆ ವೈದ್ಯಕೀಯ ಪ್ರಮಾಣಪತ್ರ ಮತ್ತು ವೀಸಾ ಹಾಜರುಪಡಿಸಬೇಕೆಂಬ ಷರತ್ತನ್ನು ಕೈಬಿಡಲಾಗಿದೆ. ವಿದೇಶದಲ್ಲಿರುವಾಗ ಪರ್ಮಿಟ್ ಅವಧಿ ಮುಗಿದವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕ ಅರ್ಜಿ ಸಲ್ಲಿಸಲು ಸಹ ಅದೇ ಅಧಿಸೂಚನೆ ಅವಕಾಶ ಕಲ್ಪಿಸಿದೆ.

ಪರ್ಮಿಟ್ ಸ್ವತಂತ್ರ ದಾಖಲೆಯಲ್ಲ. ಅದರೊಂದಿಗೆ ಮೂಲ ಅನುಜ್ಞಾಪತ್ರವನ್ನೂ ಇಟ್ಟುಕೊಂಡಿರತಕ್ಕದ್ದು.

4. ಕೆಲವು ದೇಶಗಳಲ್ಲಿನ ವ್ಯವಸ್ಥೆ

ಬ್ರಿಟನ್: ನಿವಾಸಿಯಾದ ದಿನದಿಂದ 12 ತಿಂಗಳು ಭಾರತೀಯ ಅನುಜ್ಞಾಪತ್ರದ ಮೇಲೆ ಕಾರು ಚಲಾಯಿಸಬಹುದು. ನೇರ ವಿನಿಮಯಕ್ಕೆ ಗೊತ್ತುಪಡಿಸಿದ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಆದ್ದರಿಂದ ಮೊದಲು ತಾತ್ಕಾಲಿಕ ಅನುಜ್ಞಾಪತ್ರ ಪಡೆದು, ಲಿಖಿತ ಸ್ವರೂಪದ ಪರೀಕ್ಷೆ ಮತ್ತು ರಸ್ತೆ ಪರೀಕ್ಷೆಗಳಲ್ಲಿ ಉತ್ತೀರ್ಣರಾಗಬೇಕು. ಲಿಖಿತ ಸ್ವರೂಪದ ಪರೀಕ್ಷೆಯ 50 ಪ್ರಶ್ನೆಗಳಲ್ಲಿ 43 ಕ್ಕೆ ಸರಿಯುತ್ತರ ನೀಡುವುದರ ಜೊತೆಗೆ, ಅಪಾಯ ಗುರುತಿಸುವ ವಿಡಿಯೊ ಭಾಗದಲ್ಲಿ 75 ಕ್ಕೆ 44 ಅಂಕ ಗಳಿಸಬೇಕು. ಈ ಪ್ರಮಾಣಪತ್ರ ಎರಡು ವರ್ಷ ಸಿಂಧುವಾಗಿರುತ್ತದೆ. ರಸ್ತೆ ಪರೀಕ್ಷೆಯ ದಿನಾಂಕಕ್ಕೆ ಕಾಯಬೇಕಾಗುವುದರಿಂದ ಆರಂಭದ ತಿಂಗಳುಗಳಲ್ಲೇ ಅರ್ಜಿ ಸಲ್ಲಿಸುವುದು ಕ್ಷೇಮ. 12 ತಿಂಗಳು ಕಳೆದ ಮೇಲೆ ಉತ್ತೀರ್ಣರಾಗುವವರೆಗೆ ಕಲಿಯುವವರಂತೆಯೇ, ಅರ್ಹ ಚಾಲಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಗೂ ಕಲಿಕೆಯ ಫಲಕ ಹಾಕಿಕೊಂಡು ಮಾತ್ರ ಚಲಾಯಿಸಬಹುದು.

ಜರ್ಮನಿ: ನಿವಾಸ ಆರಂಭವಾದ ದಿನದಿಂದ ಆರು ತಿಂಗಳು ಮಾತ್ರ ಭಾರತೀಯ ಅನುಜ್ಞಾಪತ್ರ ಸಲ್ಲುತ್ತದೆ. ನಂತರ ಜರ್ಮನ್ ಅನುಜ್ಞಾಪತ್ರಕ್ಕೆ ಬದಲಾಯಿಸಿಕೊಳ್ಳಲು ಲಿಖಿತ ಮತ್ತು ರಸ್ತೆ ಪರೀಕ್ಷೆಗಳೆರಡೂ ಕಡ್ಡಾಯ. ಆದರೆ ಹೊಸದಾಗಿ ಕಲಿಯುವವರಿಗೆ ನಿಗದಿಪಡಿಸಿದ ಕಡ್ಡಾಯ ತರಬೇತಿ ಪಾಠಗಳಿಂದ ವಿನಾಯಿತಿ ಇದೆ. ಭಾರತದ ಅನುಜ್ಞಾಪತ್ರ ಚಾಲ್ತಿಯಲ್ಲಿದ್ದರೆ ಮಾತ್ರ ಈ ಅನುಕೂಲ ದೊರೆಯುವುದರಿಂದ ಇಲ್ಲಿನ ನವೀಕರಣದ ಮಹತ್ವವನ್ನು ಮನಗಾಣಬೇಕು. ಕಣ್ಣಿನ ಪರೀಕ್ಷೆಯ ವರದಿ, ಪ್ರಥಮ ಚಿಕಿತ್ಸಾ ತರಬೇತಿಯ ಪ್ರಮಾಣಪತ್ರ ಮತ್ತು ಅನುಜ್ಞಾಪತ್ರದ ಜರ್ಮನ್ ಭಾಷಾಂತರ ಬೇಕಾಗುತ್ತವೆ. ಅಲ್ಲಿ ಅನುಜ್ಞಾಪತ್ರವಿಲ್ಲದೆ ಚಲಾಯಿಸುವುದು ಕೇವಲ ದಂಡದ ವಿಷಯವಲ್ಲ. ಒಂದು ವರ್ಷದವರೆಗೆ ಕಾರಾಗೃಹ ವಾಸ ವಿಧಿಸಬಹುದಾದ ಅಪರಾಧ.

ಸಂಯುಕ್ತ ಅರಬ್ ಸಂಸ್ಥಾನ: ಭೇಟಿ ವೀಸಾದಲ್ಲಿರುವವರು ಅಂತರರಾಷ್ಟ್ರೀಯ ಪರ್ಮಿಟ್ ಬಳಸಬಹುದು. ನಿವಾಸ ವೀಸಾ ಪಡೆದವರು ಸ್ಥಳೀಯ ಅನುಜ್ಞಾಪತ್ರ ಹೊಂದಿರಲೇಬೇಕು. ಇಲ್ಲಿ ಬ್ರಿಟನ್ ಅಥವಾ ಜರ್ಮನಿಯಂತೆ ತಿಂಗಳುಗಳ ರಿಯಾಯಿತಿ ಇರುವುದಿಲ್ಲ. ಭಾರತೀಯ ಅನುಜ್ಞಾಪತ್ರ ನೇರ ವಿನಿಮಯಕ್ಕೆ ಅರ್ಹವಲ್ಲ. ಮಾನ್ಯತೆ ಪಡೆದ ತರಬೇತಿ ಶಾಲೆಯಲ್ಲಿ ಹೆಸರು ನೋಂದಾಯಿಸಿ, ಕಣ್ಣಿನ ಪರೀಕ್ಷೆ, ಪಾಠ, ಜ್ಞಾನ ಪರೀಕ್ಷೆ, ವಾಹನ ನಿಲುಗಡೆ ಪರೀಕ್ಷೆ ಹಾಗೂ ರಸ್ತೆ ಪರೀಕ್ಷೆಗಳನ್ನು ಕ್ರಮವಾಗಿ ಪೂರೈಸಬೇಕು.

ಅಮೆರಿಕ: ಅನುಜ್ಞಾಪತ್ರ ನೀಡುವ ಅಧಿಕಾರ ಆಯಾ ರಾಜ್ಯಗಳದ್ದು. ನಿವಾಸಿಯಾದ ನಂತರ ಕ್ಯಾಲಿಫೋರ್ನಿಯದಲ್ಲಿ 10 ದಿನ, ನ್ಯೂಯಾರ್ಕ್‌ನಲ್ಲಿ 30 ದಿನ, ಟೆಕ್ಸಾಸ್‌ನಲ್ಲಿ 90 ದಿನಗಳೊಳಗೆ ಸ್ಥಳೀಯ ಅನುಜ್ಞಾಪತ್ರ ಪಡೆಯಬೇಕೆಂಬ ನಿಯಮವಿದೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ವರ್ಗಾವಣೆಯಾದವರು ಹೊಸ ರಾಜ್ಯದ ನಿಯಮವನ್ನು ಮತ್ತೆ ಪಾಲಿಸಬೇಕಾಗುತ್ತದೆ.

ಬ್ರಿಟನ್‌ನಲ್ಲಿ ನಮ್ಮಂತೆಯೇ ರಸ್ತೆಯ ಎಡಭಾಗದಲ್ಲಿ ಸಂಚಾರ. ಉಳಿದ ಮೂರು ದೇಶಗಳಲ್ಲಿ ಬಲಭಾಗದಲ್ಲಿ. ಎಷ್ಟೇ ವರ್ಷಗಳ ಅನುಭವವಿದ್ದರೂ ರಸ್ತೆ ಪರೀಕ್ಷೆಗೆ ಮುನ್ನ ಕೆಲವು ಪಾಠಗಳನ್ನು ಪಡೆಯುವುದು ಹಿತಕರ.

5. ಸ್ವದೇಶಕ್ಕೆ ಮರಳಿದವರಿಗೆ

ಭಾರತೀಯ ಅನುಜ್ಞಾಪತ್ರದ ಅವಧಿ ಮುಗಿದ ದಿನದಿಂದಲೇ ಅದರ ಮೇಲೆ ವಾಹನ ಚಲಾಯಿಸುವಂತಿಲ್ಲ. ಅವಧಿ ಮುಗಿದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಿದಲ್ಲಿ ಚಾಲನಾ ಪರೀಕ್ಷೆಯಿಲ್ಲದೆ ನವೀಕರಿಸಬಹುದು. ಒಂದು ವರ್ಷ ಮೀರಿದ್ದರೆ ಪರೀಕ್ಷೆಗೆ ಹಾಜರಾಗಬೇಕು. ಸಕ್ಷಮ ವಿದೇಶಿ ಪ್ರಾಧಿಕಾರ ನೀಡಿದ, ಅದೇ ವರ್ಗದ ವಾಹನದ ಅನುಜ್ಞಾಪತ್ರ ಹೊಂದಿರುವವರು ಹೊಸದಾಗಿ ಅರ್ಜಿ ಸಲ್ಲಿಸುವಾಗ, ವೈದ್ಯಕೀಯ ಷರತ್ತಿಗೆ ಒಳಪಟ್ಟು, ಮೋಟಾರು ವಾಹನಗಳ ಅಧಿನಿಯಮ, 1988 ರ ಕಲಂ 9(3) ರ ಪರಂತುಕದಂತೆ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಕೋರಬಹುದು. ಆದುದರಿಂದ ವಿದೇಶಿ ಅನುಜ್ಞಾಪತ್ರದ ಮೂಲ ಪ್ರತಿಯನ್ನು ಜೋಪಾನವಾಗಿ ತರತಕ್ಕದ್ದು.

6. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅಲ್ಲಿನ ಅನುಜ್ಞಾಪತ್ರ ಪಡೆದರೆ ಭಾರತದ್ದು ರದ್ದಾಗುವುದೇ?
ಉತ್ತರ: ತಾನಾಗಿಯೇ ರದ್ದಾಗುವುದಿಲ್ಲ. ಆದರೆ ಜರ್ಮನಿಯಲ್ಲಿ ಬದಲಾವಣೆಯ ವೇಳೆ ಭಾರತೀಯ ಕಾರ್ಡನ್ನು ಅಲ್ಲಿನ ಕಚೇರಿಗೆ ಒಪ್ಪಿಸಬೇಕಾಗುತ್ತದೆ. ಮುಂಚಿತವಾಗಿ ಎರಡೂ ಬದಿಯ ಪ್ರತಿ ಇಟ್ಟುಕೊಳ್ಳತಕ್ಕದ್ದು.

ಪ್ರಶ್ನೆ: ಭಾರತದ ಅನುಜ್ಞಾಪತ್ರದ ಅವಧಿ ಮುಗಿದಿದೆ. ಪರ್ಮಿಟ್ ಮಾತ್ರ ಪಡೆಯಬಹುದೇ?
ಉತ್ತರ: ಸಾಧ್ಯವಿಲ್ಲ. ಮೊದಲು ಅನುಜ್ಞಾಪತ್ರವನ್ನು ನವೀಕರಿಸಿಕೊಳ್ಳಬೇಕು.

ಪ್ರಶ್ನೆ: ಇಲ್ಲಿನ ಚಾಲನಾ ಅನುಭವಕ್ಕೆ ಅಲ್ಲಿ ಬೆಲೆ ಇಲ್ಲವೇ?
ಉತ್ತರ: ದೇಶದಿಂದ ದೇಶಕ್ಕೆ ವ್ಯತ್ಯಾಸವಿದೆ. ಕೆಲವೆಡೆ ತರಬೇತಿಯ ಹೊರೆ ಕಡಿಮೆಯಾಗುತ್ತದೆ. ಮೇಲ್ಕಂಡ ನಾಲ್ಕು ದೇಶಗಳಲ್ಲಿ ಅದಕ್ಕಾಗಿ ಪರೀಕ್ಷೆಯೇ ಇಲ್ಲವೆಂದು ಭಾವಿಸುವುದು ಸರಿಯಲ್ಲ.

ಸೂಚನೆ: ವಿದೇಶಗಳ ನಿಯಮ ಮತ್ತು ಶುಲ್ಕಗಳನ್ನು ಆಯಾ ಸರ್ಕಾರಗಳು ಬದಲಾಯಿಸುವುದುಂಟು. ಅರ್ಜಿ ಸಲ್ಲಿಸುವ ಮೊದಲು ಸಂಬಂಧಪಟ್ಟ ದೇಶದ ಪ್ರಾಧಿಕಾರದಿಂದ ಖಚಿತಪಡಿಸಿಕೊಳ್ಳತಕ್ಕದ್ದು. ಭಾರತೀಯ ಅನುಜ್ಞಾಪತ್ರ ಮತ್ತು ಪರ್ಮಿಟ್‌ಗೆ ಸಂಬಂಧಿಸಿದಂತೆ ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯನ್ನು ನೇರವಾಗಿ ಸಂಪರ್ಕಿಸಬಹುದು. ಮಧ್ಯವರ್ತಿಗಳನ್ನು ಅವಲಂಬಿಸುವ ಅಗತ್ಯವಿರುವುದಿಲ್ಲ.